ಬೀದರ್ ಕೋಟೆ: ಒಂದು ಕೆಂಪು ಕಲ್ಲು ರೂಪಿಸಿದ ರಾಜಧಾನಿ

ಕರ್ನಾಟಕದ ನಕ್ಷೆಯ ನೆತ್ತಿಯ ಮೇಲಿರುವ ಬೀದರಿಗೆ ಈಚೆಗೆ ಪ್ರವಾಸಿಗರು ಹೆಚ್ಚಿದ್ದಾರೆ. ಹೈದರಾಬಾದಿನಿಂದ ರಸ್ತೆಯಲ್ಲಿ ಸುಮಾರು 140 ಕಿಲೋಮೀಟರ್. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಶುರುವಾದ ಮೇಲೆ ಈ ಕಡೆಯಿಂದಲೂ ಹೋಗಿಬರುವುದು ಸಲೀಸಾಗಿದೆ. ದಖ್ಖನಿನ ಸುಲ್ತಾನರ ಕೋಟೆ ಮತ್ತು ಸ್ಮಾರಕಗಳ ಗುಂಪಿನಲ್ಲಿ ಬೀದರ್ 2014ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿ ಸೇರಿದೆ. ಆದರೂ ಕೋಟೆಗೆ ಬಂದವರಲ್ಲಿ ಎಷ್ಟೋ ಮಂದಿ ಕೆಂಪು ಗೋಡೆ, ಕುಸಿದ ಕಮಾನು, ಉದ್ದನೆಯ ಫಿರಂಗಿ ನೋಡಿ, ನಾಲ್ಕು ಫೋಟೋ ತೆಗೆದು ವಾಪಸಾಗುತ್ತಾರೆ. ಕಂದಕ ಮೂರು ಸಾಲು ಯಾಕೆ? ಬಾಗಿಲ ದಾರಿ ಸೊಟ್ಟಪಟ್ಟ ಯಾಕೆ? ಹೊಳೆಯಿಲ್ಲದ ದಿಬ್ಬದ ಮೇಲೆ ಒಂದು ರಾಜಧಾನಿಗೆ ನೀರು ಎಲ್ಲಿಂದ ಬಂತು? ಅರಮನೆಯ ಗೋಡೆಗಳಲ್ಲಿ ಹಂಪಿಯಂಥ ಶಿಲ್ಪ ಯಾಕಿಲ್ಲ?

ಈ ಪ್ರಶ್ನೆಗಳೆಲ್ಲ ಬೇರೆ ಬೇರೆ ಅನಿಸುತ್ತವೆ. ಉತ್ತರದ ಬೇರು ಮಾತ್ರ ಒಂದೇ ಕಡೆ ಇದೆ: ಕೋಟೆಯ ಅಡಿಯಲ್ಲಿರುವ ಕಲ್ಲಿನಲ್ಲಿ.

ಮೊದಲು ಕಲ್ಲನ್ನು ಅರಿಯಬೇಕು

ಬೀದರ್ ಕುಳಿತಿರುವುದು ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದ, ಮೇಲೆ ಮಟ್ಟಸವಾಗಿರುವ ದಿಬ್ಬದ ಅಂಚಿನಲ್ಲಿ. ಇದರ ತಳದಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಗಟ್ಟಿಯಾದ ಕರಿಕಲ್ಲು, ಅಂದರೆ ಬಸಾಲ್ಟ್. ದಖ್ಖನಿನ ಬಹುಭಾಗ ಇದೇ ಕಲ್ಲಿನ ಮೇಲಿದೆ. ಬೀದರಿನಲ್ಲಿ ಈ ಕರಿಕಲ್ಲಿನ ಮೇಲ್ಭಾಗ ಲಕ್ಷಾಂತರ ವರ್ಷ ಮಳೆ-ಬಿಸಿಲಿಗೆ ಸಿಕ್ಕಿ ಕೊಳೆಯಿತು. ನೀರಿನಲ್ಲಿ ಕರಗುವ ಅಂಶಗಳು ಕೊಚ್ಚಿಹೋದವು, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದವು. ಹಾಗೆ ಉಳಿದದ್ದೇ ಜಂಬಿಟ್ಟಿಗೆ ಕಲ್ಲು, ಭೂವಿಜ್ಞಾನದವರ ಲ್ಯಾಟರೈಟ್. ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಮುರಕಲ್ಲು ಇದೇ ಜಾತಿಯದು. ಬಣ್ಣ ಕಬ್ಬಿಣದ ತುಕ್ಕಿನದು.

ಈ ಕಲ್ಲಿಗೆ ವಿಚಿತ್ರ ಗುಣವೊಂದಿದೆ. ನೆಲದೊಳಗೆ ಇರುವಾಗ ಮೆತ್ತಗಿರುತ್ತದೆ, ಗುದ್ದಲಿ-ಹಾರೆಗೆ ಬಗ್ಗುತ್ತದೆ. ಕಡಿದು ಹೊರಗಿಟ್ಟು ಗಾಳಿ-ಬಿಸಿಲಿಗೆ ಒಣಗಿದಂತೆ ಅದರೊಳಗಿನ ಕಬ್ಬಿಣದ ಅಂಶ ನೀರು ಕಳೆದುಕೊಂಡು ಬಿಗಿಯುತ್ತದೆ, ಕಲ್ಲು ಗಡುಸಾಗುತ್ತದೆ. ಕಡಿಯುವವನಿಗೆ ಸುಲಭ, ಕಟ್ಟಿದ ಮೇಲೆ ಬಾಳಿಕೆ. ಕೋಟೆ ಕಟ್ಟಿಸುವ ದೊರೆಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿರಲಿಲ್ಲ.

ಎರಡನೆಯದು, ಈ ಕಲ್ಲಿನ ಮೈಯೆಲ್ಲ ತೂತು. ಮಳೆ ಬಿದ್ದರೆ ಮೇಲೆ ನಿಲ್ಲದೆ ಒಳಗಿಳಿಯುತ್ತದೆ. ಕೆಳಗಿನ ಕರಿಕಲ್ಲಿಗೂ ಮೇಲಿನ ಜಂಬಿಟ್ಟಿಗೆಗೂ ನಡುವೆ ಅಂಟಂಟಾದ ಜೇಡಿಪದರವಿದ್ದು, ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ತಟ್ಟೆಯಲ್ಲಿ ಸಾಂಬಾರು ಹೀರಿಕೊಂಡ ಇಡ್ಲಿಯನ್ನು ನೆನೆಸಿಕೊಳ್ಳಿ: ಇಡ್ಲಿಯ ಬುಡ ಒದ್ದೆಯಾಗಿರುತ್ತದೆ, ಹೆಚ್ಚಾದದ್ದು ಅಂಚಿನಿಂದ ಒಸರುತ್ತದೆ. ಬೀದರಿನ ದಿಬ್ಬವೂ ಹಾಗೆಯೇ. ಅದರ ಅಂಚಿನ ಕಮರಿಗಳಲ್ಲಿ ಅಲ್ಲಲ್ಲಿ ಬುಗ್ಗೆಗಳಿವೆ. ಗುರುನಾನಕರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಝೀರಾದ ಬುಗ್ಗೆ ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು.

ಇನ್ನೊಂದು ಗುಣ ಕಲಾವಿದನಿಗೆ ತೊಡಕಿನದು. ತೂತುತೂತಾದ ಕಲ್ಲಿನಲ್ಲಿ ನವಿರಾದ ಕೆತ್ತನೆ ನಿಲ್ಲದು. ಎಲೆಯ ಅಂಚು, ಬೆರಳ ತುದಿ ಕೆತ್ತಲು ಹೋದರೆ ಕಲ್ಲು ಪುಡಿಯಾಗುತ್ತದೆ. ಇದರ ಪರಿಣಾಮವನ್ನು ಅರಮನೆಗಳಿಗೆ ಬಂದಾಗ ನೋಡೋಣ.

ರಾಜಧಾನಿ ಇಲ್ಲಿಗೇಕೆ ಬಂತು

ಬೀದರಿನ ಇತಿಹಾಸ ಕೋಟೆಗಿಂತ ಹಳೆಯದು. ಕಾಕತೀಯರ ಕೈಯಲ್ಲಿದ್ದ ಈ ಊರನ್ನು 1322ರ ಸುಮಾರಿಗೆ ದೆಹಲಿಯ ತುಘಲಕರ ಸೈನ್ಯ ಹಿಡಿಯಿತು. 1347ರಲ್ಲಿ ದೆಹಲಿಯ ಹಿಡಿತ ಕಿತ್ತೆಸೆದು ಹುಟ್ಟಿದ ಬಹಮನಿ ರಾಜ್ಯ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಿತು. ಅಣ್ಣ ಫಿರೋಜ್ ಷಾನನ್ನು ಇಳಿಸಿ 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಷಾ, ಅದೇ ದಶಕದಲ್ಲಿ ರಾಜಧಾನಿಯನ್ನು ಬೀದರಿಗೆ ತಂದ. 1432ರ ಹೊತ್ತಿಗೆ ಕೋಟೆಯ ಮುಖ್ಯ ಕೆಲಸ ಮುಗಿದಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಕಲಬುರಗಿ ಬಯಲಿನಲ್ಲಿದೆ. ಬೀದರ್ ಎತ್ತರದಲ್ಲಿದೆ, ಗಾಳಿ ತಂಪು, ಉತ್ತರ ಮತ್ತು ಪೂರ್ವದಲ್ಲಿ ನೆಲವೇ ಕಡಿದಾಗಿ ಕೆಳಗಿಳಿದು ಮಾಂಜ್ರಾ ನದಿಯ ಬಯಲು ಹರಡಿಕೊಳ್ಳುತ್ತದೆ. ಆ ಎರಡು ದಿಕ್ಕಿನ ಅರ್ಧ ಕಾವಲನ್ನು ಭೂಮಿಯೇ ನೋಡಿಕೊಳ್ಳುತ್ತದೆ. ಅದೇ ಕಾಲಕ್ಕೆ ವಾರಂಗಲ್ ಬಹಮನಿಗಳ ವಶವಾಗಿ ರಾಜ್ಯ ಪೂರ್ವಕ್ಕೆ ಹಿಗ್ಗಿತ್ತು, ಬೀದರ್ ನಡುಮಧ್ಯಕ್ಕೆ ಬಂತು. ಉಳಿದದ್ದು ದಕ್ಷಿಣ ಮತ್ತು ನೈಋತ್ಯದ ದಿಕ್ಕು. ಅಲ್ಲಿ ದಿಬ್ಬ ಸಪಾಟು, ಪಟ್ಟಣವಿರುವುದೂ ಅಲ್ಲೇ. ಶತ್ರು ಬಂದರೆ ಅಲ್ಲಿಂದಲೇ ಬರಬೇಕು.

ಮುಂದಿನ ರಾಜಕೀಯವನ್ನು ಚುಟುಕಾಗಿ ಹೇಳಿದರೆ ಸಾಕು. 15ನೇ ಶತಮಾನದ ಕೊನೆಯಿಂದ ಬಹಮನಿ ರಾಜ್ಯ ಒಡೆಯುತ್ತ ಐದು ಹೋಳಾಯಿತು, ಬೀದರ್ ಬರೀದ್ ಷಾಹಿಗಳಿಗೆ ಸಿಕ್ಕಿತು. 1619ರಲ್ಲಿ ಬಿಜಾಪುರದ ಆದಿಲ್ ಷಾಹಿಗಳು, 1657ರಲ್ಲಿ ಮೊಘಲರು, 18ನೇ ಶತಮಾನದಲ್ಲಿ ಹೈದರಾಬಾದಿನ ನಿಜಾಮರು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, 1956ರಲ್ಲಿ ಕನ್ನಡ ನಾಡು ಒಂದಾದಾಗ ನಮ್ಮೊಂದಿಗೆ ಸೇರಿತು. ಒಬ್ಬೊಬ್ಬರೂ ಕೋಟೆಗೆ ಒಂದಿಷ್ಟು ಕಟ್ಟಿದ್ದಾರೆ, ಒಂದಿಷ್ಟು ಬದಲಿಸಿದ್ದಾರೆ. ಹಾಗಾಗಿ ಒಂದೇ ಗೋಡೆಯಲ್ಲಿ ಬೇರೆ ಬೇರೆ ಶತಮಾನಗಳ ಕೆಲಸ ಕಂಡರೆ ಗಲಿಬಿಲಿಯಾಗಬೇಕಿಲ್ಲ.

ಮೂರು ಸಾಲಿನ ಕಂದಕ

ಕೋಟೆಯಲ್ಲಿ ಮೊದಲು ನೋಡಬೇಕಾದದ್ದು, ಜನ ಬೇಗಬೇಗ ದಾಟಿ ಹೋಗುವುದು, ಈ ಕಂದಕವನ್ನೇ.

ಸಾಮಾನ್ಯವಾಗಿ ಕಂದಕವೆಂದರೆ ನೆಲ ಅಗೆದು, ಬದಿಗೆ ಕಲ್ಲು ಕಟ್ಟಿ ಮಾಡುವ ಅಗಲವಾದ ಹಳ್ಳ. ಬೀದರಿನಲ್ಲಿ ಪಟ್ಟಣದ ಕಡೆಯ ಕಂದಕವನ್ನು ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಇಳಿಸಿದ್ದಾರೆ. ಅದೂ ಒಂದಲ್ಲ, ಒಂದರ ಪಕ್ಕ ಒಂದರಂತೆ ಮೂರು ಕಾಲುವೆ. ನಡುವೆ ಬಂಡೆಯನ್ನು ಕಡಿಯದೆ ಗೋಡೆಯಂತೆ ಉಳಿಸಿಕೊಂಡಿದ್ದಾರೆ. ಸೇತುವೆಯ ಮೇಲೆ ನಿಂತು ಆ ನಡುಗೋಡೆಯನ್ನು ಗಮನಿಸಿ: ಅದರಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಸಂದಿಲ್ಲ, ಗಾರೆಯಿಲ್ಲ. ಅದು ಕಟ್ಟಿದ ಗೋಡೆಯಲ್ಲ, ಸುತ್ತಲಿನದನ್ನು ತೆಗೆದ ಮೇಲೆ ಉಳಿದ ನೆಲ. ಎಲ್ಲಿ ಕಲ್ಲಿನ ಸಾಲುಗಳು ಕಾಣಲು ಶುರುವಾಗುತ್ತವೋ ಅಲ್ಲಿಂದ ಮೇಲೆ ಮನುಷ್ಯ ಕಟ್ಟಿದ್ದು. ಈ ಗೆರೆಯನ್ನು ಒಮ್ಮೆ ಗುರುತಿಸಿದರೆ ಇಡೀ ಕೋಟೆಯಲ್ಲಿ ಅದನ್ನು ಹುಡುಕುತ್ತ ಹೋಗಬಹುದು.

ಈ ವಿಧಾನದಲ್ಲಿ ಒಂದೇ ದುಡಿಮೆಗೆ ಎರಡು ಫಲ. ಕಂದಕದಿಂದ ಕಡಿದು ತೆಗೆದ ಕಲ್ಲು ಪಕ್ಕದಲ್ಲೇ ಗೋಡೆಗೆ ಒದಗುತ್ತದೆ. ಕಲ್ಲುಗಣಿ ಬೇರೆ ಬೇಡ, ಗಾಡಿ ಹೊಡೆದು ದೂರದಿಂದ ತರುವ ಖರ್ಚಿಲ್ಲ. ಹಳ್ಳ ಆಳವಾದಷ್ಟೂ ಗೋಡೆ ಎತ್ತರವಾಗುತ್ತದೆ. ಕೆಳಗೆ ನಿಂತ ಶತ್ರುವಿನ ಲೆಕ್ಕದಲ್ಲಿ ಎರಡೂ ಕೂಡಿ ಒಂದೇ ಎತ್ತರ.

ಮೂರು ಯಾಕೆ? ಮುತ್ತಿಗೆ ಹಾಕುವವರ ಕೆಲಸದ ಕ್ರಮ ತಿಳಿದರೆ ಇದು ಅರ್ಥವಾಗುತ್ತದೆ. ಅವರು ಮೊದಲು ಕಂದಕದ ಅಂಚಿಗೆ ಬರಬೇಕು. ಮಣ್ಣು, ಸೌದೆ ಹೊರೆ, ಕಲ್ಲು ಸುರಿದು ಒಂದು ಕಡೆ ಹಳ್ಳ ಮುಚ್ಚಬೇಕು. ಆ ದಾರಿಯಲ್ಲಿ ಗೋಡೆಯ ಬುಡಕ್ಕೆ ಹೋಗಿ ಏಣಿ ಹಾಕಬೇಕು, ಇಲ್ಲವೇ ಬುಡ ಕೊರೆದು ಸಿಡಿಮದ್ದು ತುಂಬಬೇಕು. ಒಂದೇ ಕಂದಕವಿದ್ದರೆ ಈ ಕೆಲಸ ಒಂದು ಸಲ. ಮೂರಿದ್ದರೆ ಮೂರು ಸಲ, ಪ್ರತಿ ಸಲವೂ ಮೇಲಿನಿಂದ ಬಾಣ-ಗುಂಡು ಸುರಿಯುತ್ತಿರುವಾಗ. ಒಂದು ಸಾಲು ಮುಚ್ಚಿ ನಡುಗೋಡೆ ಏರಿದವನು ಎದುರಿಗೆ ಇನ್ನೊಂದು ಹಳ್ಳ ಕಂಡು ಅಲ್ಲೇ ಬಯಲಿಗೆ ಬೀಳುತ್ತಾನೆ. ಅಡಗಲು ಅವನಿಗೆ ಜಾಗವಿಲ್ಲ. ಸುರಂಗ ಕೊರೆಯುವವರಿಗೂ ತೊಂದರೆಯೇ: ಮೊದಲ ಹಳ್ಳಕ್ಕಿಂತ ಕೆಳಗಿನಿಂದ ಬರಬೇಕು. ಕಂದಕದಲ್ಲಿ ನೀರಿದ್ದರೂ ಇಲ್ಲದಿದ್ದರೂ ಈ ಲೆಕ್ಕ ಬದಲಾಗದು.

ಮೂರೂ ಸಾಲು ಕೋಟೆಯ ಸುತ್ತ ಇಲ್ಲ. ಕಮರಿಯಿರುವ ಕಡೆ ಅಷ್ಟು ದುಡಿಮೆ ಅನವಶ್ಯಕ. ಎಲ್ಲಿ ನೆಲ ಸಪಾಟೋ ಅಲ್ಲಿ ಮಾತ್ರ ಮೂರು ಸಾಲು. ಹಣ, ಆಳು, ಕಾಲ ಎಲ್ಲಿ ಸುರಿಯಬೇಕೆಂದು ಕಟ್ಟಿಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಗೋಡೆ, ಕೊತ್ತಲ, ತೋಪು

ಕೋಟೆಗೋಡೆಯ ಸುತ್ತಳತೆ ಸುಮಾರು ನಾಲ್ಕು ಕಿಲೋಮೀಟರ್. ಅದರಲ್ಲಿ 37 ಕೊತ್ತಲಗಳಿವೆ. ಕೊತ್ತಲವೆಂದರೆ ಗೋಡೆಯಿಂದ ಹೊರಕ್ಕೆ ಚಾಚಿದ ಗಟ್ಟಿ ಬುರುಜು. ನೇರ ಗೋಡೆಯ ಮೇಲೆ ನಿಂತ ಕಾವಲುಗಾರನಿಗೆ ತನ್ನ ಕಾಲಬುಡದ ಜಾಗ ಕಾಣುವುದಿಲ್ಲ. ಬಗ್ಗಿ ನೋಡಿದರೆ ತಾನೇ ಗುರಿಯಾಗುತ್ತಾನೆ. ಕೊತ್ತಲ ಹೊರಕ್ಕೆ ಚಾಚಿರುವುದರಿಂದ ಅಲ್ಲಿ ನಿಂತವನು ಪಕ್ಕದ ಗೋಡೆಯ ಬುಡವನ್ನು ಉದ್ದಕ್ಕೂ ನೋಡಬಹುದು, ಅಡ್ಡದಿಂದ ಹೊಡೆಯಬಹುದು. ಎರಡು ಕೊತ್ತಲಗಳ ನಡುವೆ ಬಂದವನ ಮೇಲೆ ಎರಡೂ ಕಡೆಯಿಂದ ಏಟು. ಗೋಡೆಯ ತಲೆಯ ಮೇಲಿನ ಹಲ್ಲಿನಂಥ ಸಾಲೇ ತೆನೆ. ತೆನೆಯ ಮರೆಯಲ್ಲಿ ನಿಂತು ಕಿಂಡಿಯಿಂದ ಹೊಡೆಯುತ್ತಿದ್ದರು.

ಕೋಟೆ ಕಟ್ಟಿದ್ದು ತೋಪುಗಳ ಯುಗ ಪೂರ್ತಿ ಶುರುವಾಗುವ ಮೊದಲು. ಮುಂದೆ ತೋಪು ದೊಡ್ಡದಾದಂತೆ ಕೊತ್ತಲಗಳನ್ನು ಹಿಗ್ಗಿಸಿ, ಮೇಲೆ ಮಟ್ಟಸ ಮಾಡಿ ತೋಪು ಕೂರಿಸಿದರು. ದಖ್ಖನಿನ ದೊಡ್ಡ ಫಿರಂಗಿಗಳಲ್ಲಿ ಹಲವು ಎರಕದವಲ್ಲ, ಬಡಿದು ಮಾಡಿದವು. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಂತೆ ಜೋಡಿಸಿ, ಅದರ ಮೇಲೆ ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸುತ್ತಾರೆ. ಬಳೆ ಆರಿದಂತೆ ಕುಗ್ಗಿ ಪಟ್ಟಿಗಳನ್ನು ಅಮುಕುತ್ತದೆ. ಬೆಸುಗೆ ಎಲ್ಲಾದರೂ ಬಿಟ್ಟಿದ್ದರೆ ಮದ್ದಿನ ಹಬೆ ಅಲ್ಲಿ ನುಗ್ಗಿ ತೋಪೇ ಸಿಡಿಯುತ್ತದೆ, ಸುತ್ತ ನಿಂತ ಗೋಲಂದಾಜರು, ಅಂದರೆ ತೋಪು ಹಾರಿಸುವವರು, ಸಾಯುತ್ತಾರೆ. ಬುರುಜಿನ ಮೇಲಿನ ಕಬ್ಬಿಣದ ತೋಪಿನ ಬಾಯಿಯನ್ನೂ ಮೈಯನ್ನೂ ಹತ್ತಿರದಿಂದ ನೋಡಿದರೆ ಬಳೆಗಳ ಅಂಚು ಕಾಣಸಿಗುತ್ತದೆ.

ಬಾಗಿಲುಗಳ ದಾರಿ

ಕೋಟೆಯಲ್ಲಿ ಬಾಗಿಲೇ ದುರ್ಬಲ ಜಾಗ. ಗೋಡೆ ಎಷ್ಟೇ ದಪ್ಪವಿರಲಿ, ಬಾಗಿಲು ಮರದ್ದು. ಆನೆಯಿಂದ ಗುದ್ದಿಸಬಹುದು, ಬೆಂಕಿ ಇಡಬಹುದು. ಹಾಗಾಗಿ ಬಾಗಿಲನ್ನು ಗಟ್ಟಿ ಮಾಡುವುದಕ್ಕಿಂತ ಬಾಗಿಲಿಗೆ ಬರುವ ದಾರಿಯನ್ನು ಕಠಿಣ ಮಾಡುವುದರಲ್ಲಿ ಜಾಣತನವಿದೆ.

ಪಟ್ಟಣದ ಕಡೆಯಿಂದ ಬರುವವರು ಮೂರು ಬಾಗಿಲು ದಾಟುತ್ತಾರೆ. ಮೊದಲನೆಯದು ಔರಂಗಜೇಬನ ಕಾಲದಲ್ಲಿ, 1683ರಲ್ಲಿ ಹೊಸದಾಗಿ ಕಟ್ಟಿದ್ದು. ಅದರ ಒಳಗೆ ಎತ್ತರದ ಗೋಡೆಗಳ ನಡುವಿನ ಅಂಗಳ. ಆಮೇಲೆ 1503ರ ಶರ್ಜಾ ದರವಾಜಾ. ಅದರ ಮುಖದ ಮೇಲೆ ಎರಡು ಹುಲಿಗಳ ಉಬ್ಬುಶಿಲ್ಪವಿದೆ, ಮೇಲೆ ನಗಾರಿ ಬಾರಿಸುವ ನೌಬತ್‌ಖಾನೆ. ಅಲ್ಲಿಂದ ಕಂದಕ ದಾಟಿದರೆ ಗುಂಬದ್ ದರವಾಜಾ, ಅಂದರೆ ಗುಮ್ಮಟವಿರುವ ಬಾಗಿಲು. ಅದರ ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲಿವೆ. ದೆಹಲಿಯ ತುಘಲಕ್ ಕಟ್ಟಡಗಳಲ್ಲಿ ಕಾಣುವ ಇದೇ ವಾಲಿಕೆ ಇಲ್ಲಿಗೂ ಬಂದಿದೆ. ಬುಡ ದಪ್ಪ, ತುದಿ ತೆಳು, ತೂಕವೆಲ್ಲ ಒಳಕ್ಕೆ.

ಈ ದಾರಿ ನೇರವಾಗಿಲ್ಲದಿರುವುದನ್ನು ನಡೆದೇ ಅರಿಯಬೇಕು. ಆನೆ ಓಡಿಬಂದು ಗುದ್ದಲು ನೇರ ಜಾಗ ಬೇಕು, ತಿರುವಿನಲ್ಲಿ ಅದರ ಓಟ ಕುಗ್ಗುತ್ತದೆ. ಗುದ್ದುಮರ ಹೊತ್ತ ಆಳುಗಳಿಗೂ ಹಾಗೆಯೇ. ಎರಡು ಬಾಗಿಲುಗಳ ನಡುವಿನ ಅಂಗಳದಲ್ಲಿ ಸಿಕ್ಕಿಬಿದ್ದವರ ಮೇಲೆ ನಾಲ್ಕೂ ಗೋಡೆಯಿಂದ ದಾಳಿ. ಕೋಟೆಗೆ ಇನ್ನೂ ಬಾಗಿಲುಗಳಿವೆ: ಮಾಂಡು, ಕಲ್ಯಾಣಿ, ದೆಹಲಿ, ಕರ್ನಾಟಕ ಇತ್ಯಾದಿ. ಹೆಸರುಗಳಲ್ಲಿ ಆ ಕಾಲದ ದಾರಿಗಳ ನಕ್ಷೆಯೇ ಉಳಿದಿದೆ.

1657: ಇಷ್ಟೆಲ್ಲ ಇದ್ದೂ ಕೋಟೆ ಬಿದ್ದದ್ದು ಹೇಗೆ

ಕೋಟೆಯ ಬಲ ಅಳೆಯಲು ಅದು ಸೋತ ದಿನವನ್ನೂ ನೋಡಬೇಕು. 1462ರಲ್ಲಿ ಮಾಳವದ ಮಹಮೂದ್ ಖಿಲ್ಜಿ ಬೀದರಿಗೆ ಮುತ್ತಿಗೆ ಹಾಕಿದಾಗ, ಗುಜರಾತಿನ ಸುಲ್ತಾನನ ಸೈನ್ಯ ನೆರವಿಗೆ ಬಂದು ಅವನು ಹಿಂದಿರುಗಬೇಕಾಯಿತು. ಗೋಡೆಯ ಕೆಲಸವೇ ಇಷ್ಟು: ಹೊರಗಿನ ನೆರವು ಬರುವವರೆಗೆ ಕಾಲ ತಳ್ಳುವುದು.

1657ರ ಮಾರ್ಚಿನಲ್ಲಿ ಬಂದವರು ಬೇರೆ ತೂಕದವರು. ದಖ್ಖನಿನ ಸುಬೇದಾರನಾಗಿದ್ದ ರಾಜಕುಮಾರ ಔರಂಗಜೇಬ್, ಜೊತೆಗೆ ಮೊಘಲ್ ಸೇನಾನಿ ಮೀರ್ ಜುಮ್ಲಾನ ತೋಪುಪಡೆ. ಒಳಗೆ ಬಿಜಾಪುರದ ಪರವಾಗಿ ಕಿಲ್ಲೇದಾರ ಸಿದ್ದಿ ಮರ್ಜಾನ್, ಹಲವು ವರ್ಷಗಳಿಂದ ಕೋಟೆ ಕಾದ ಹಳಬ. ಮೊಘಲರು ಗುಂಡಿನ ಮಳೆಯ ನಡುವೆಯೇ ಕಂದಕದ ಅಂಚಿಗೆ ಬಂದು ಅದನ್ನು ತುಂಬಲು ಶುರುಮಾಡಿದರು. ಮರ್ಜಾನನ ಆಳುಗಳು ಹೊರನುಗ್ಗಿ ಹೊಡೆದು ತಡೆದರು. ದಿನಗಳೆದಂತೆ ತೋಪುಗಳು ಎರಡು ಕೊತ್ತಲಗಳನ್ನೂ ಕೆಳಗೋಡೆಯ ತೆನೆಗಳನ್ನೂ ಕೆಡವಿದವು.

ಕೊನೆಯ ದಾಳಿಯ ದಿನ ಒಂದು ಕೊತ್ತಲದ ಹಿಂದೆ ಮದ್ದು, ಕೈಗುಂಡು, ಬಾಣಬಿರುಸು ತುಂಬಿಟ್ಟ ಗುಂಡಿಗೆ ಕಿಡಿ ಬಿತ್ತು. ಸ್ಫೋಟದಲ್ಲಿ ಮರ್ಜಾನ್, ಅವನ ಇಬ್ಬರು ಮಕ್ಕಳು, ಜೊತೆಗಾರರು ಸುಟ್ಟು ಗಾಯಗೊಂಡರು. ಆ ಗೊಂದಲದಲ್ಲಿ ಮೊಘಲರು ಒಳಗೆ ನುಗ್ಗಿದರು. ಸಾಯುತ್ತಿದ್ದ ಕಿಲ್ಲೇದಾರ ಕೋಟೆಯ ಬೀಗದಕೈಗಳನ್ನು ಮಕ್ಕಳ ಮೂಲಕ ಕಳಿಸಿಕೊಟ್ಟ. ಮುತ್ತಿಗೆ ನಡೆದದ್ದು 27 ದಿನ. ಗೆದ್ದವರ ಕೈಗೆ 230 ತೋಪುಗಳು ಸಿಕ್ಕವು.

ಅಷ್ಟು ತೋಪುಗಳಿದ್ದೂ ಸೋಲಲು ಕಾರಣ ಸಲಕರಣೆಯ ಕೊರತೆಯಲ್ಲ. ಕೋಟೆಯೊಳಗೆ ದಪ್ಪ ಗೋಡೆಯ ಮದ್ದಿನ ಮನೆಗಳು ಪ್ರತ್ಯೇಕವಾಗಿದ್ದವು. ಹೋರಾಟದ ನಡುವೆ ಮದ್ದು ಕೈಗೆಟುಕುವಂತಿರಲಿ ಎಂದು ಅದನ್ನು ಕೊತ್ತಲದ ಬಳಿ ತಂದಿಟ್ಟರೆ ಒಂದು ಕಿಡಿ ಸಾಕು. ಪಟ್ಟಣದಲ್ಲಿ 1472ರಲ್ಲಿ ಬಹಮನಿ ಪ್ರಧಾನಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಒಂದು ಭಾಗ ಇಂದು ಇಲ್ಲದಿರುವುದಕ್ಕೂ ಮದ್ದಿನ ಸ್ಫೋಟವೇ ಕಾರಣ.

ನೀರು: ಕಣ್ಣಿಗೆ ಕಾಣದ ಅರ್ಧ ಕೋಟೆ

ಮುತ್ತಿಗೆಯಲ್ಲಿ ಗೋಡೆಗಿಂತ ಮೊದಲು ಕೈಕೊಡುವುದು ನೀರು. ಬೀದರಿನಲ್ಲಿ ಮೇಲ್ಮೈ ನೀರು ಕಡಿಮೆ, ನದಿ ಬಹಳ ಕೆಳಗೆ. ಆದರೆ ಜಂಬಿಟ್ಟಿಗೆಯ ತಳದಲ್ಲಿ, ಜೇಡಿಪದರದ ಮೇಲೆ, ನೀರು ಸಂಗ್ರಹವಾಗಿರುತ್ತದೆ. ಅದನ್ನು ಎರಡು ರೀತಿ ಪಡೆದರು. ಕೋಟೆಯೊಳಗೆ ಆಳವಾದ ಬಾವಿಗಳು. ಊರಿಗೆ ಕಾರೇಜ್, ಅಂದರೆ ಸುರಂಗ ಬಾವಿ.

ಕಾರೇಜ್ ಇರಾನಿನಿಂದ ಬಂದ ವಿದ್ಯೆ. ಬಹಮನಿ ಆಸ್ಥಾನದಲ್ಲಿ ಇರಾನಿನಿಂದ ಬಂದವರು ಬಹಳ ಮಂದಿ ಇದ್ದರು. ಅದು ಹೀಗೆ ಕೆಲಸ ಮಾಡುತ್ತದೆ. ದಿಬ್ಬದ ಎತ್ತರದ ಕಡೆ ಅಂತರ್ಜಲ ಸಿಗುವವರೆಗೆ ಒಂದು ತಾಯಿಬಾವಿ ತೋಡುತ್ತಾರೆ. ನೀರು ಬೇಕಾದ ಕಡೆಯಿಂದ ಅದರತ್ತ ಒಂದು ಸುರಂಗ ಕೊರೆಯುತ್ತಾರೆ. ಉದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕೆ ನೆಲದಿಂದ ಸುರಂಗಕ್ಕೆ ನೆಟ್ಟಗೆ ಬಾವಿಗಳನ್ನು ಇಳಿಸುತ್ತಾರೆ. ಕೊರೆದ ಮಣ್ಣು ಎತ್ತಲು, ಒಳಗಿನವರಿಗೆ ಗಾಳಿ-ಬೆಳಕು ಸಿಗಲು, ಆಮೇಲೆ ಹೂಳು ತೆಗೆಯಲು, ಊರವರು ನೀರು ಸೇದಲು ಇವೇ ದಾರಿ. ಏತ-ಕಪಿಲೆ ಬೇಡ, ಎತ್ತು ಬೇಡ. ಇಳಿಜಾರಿನಲ್ಲಿ ನೀರು ತಾನಾಗಿ ಹರಿಯುತ್ತದೆ. ನೆಲದಡಿ ಇರುವುದರಿಂದ ಬೇಸಿಗೆಯಲ್ಲೂ ಆವಿಯಾಗುವುದು ಕಡಿಮೆ, ಶತ್ರುವಿನ ಕಣ್ಣಿಗೂ ಬೀಳದು.

ಕಷ್ಟವೆಲ್ಲ ಇಳಿಜಾರಿನ ಅಂದಾಜಿನಲ್ಲಿದೆ. ಹೆಚ್ಚಾದರೆ ನೀರು ರಭಸದಲ್ಲಿ ತಳ ಕೊರೆದು ಸುರಂಗ ಕುಸಿಯುತ್ತದೆ. ಕಡಿಮೆಯಾದರೆ ಹೂಳು ಕೂತು ಕಟ್ಟಿಕೊಳ್ಳುತ್ತದೆ. ಕಲ್ಲಿನ ಗುಣ ಇಲ್ಲೂ ನೆರವಾಯಿತು. ಕೊರೆಯುವಾಗ ಮೆತ್ತಗಿದ್ದ ಜಂಬಿಟ್ಟಿಗೆ ಗಾಳಿ ತಾಕಿದ ಮೇಲೆ ಬಿಗಿಯುತ್ತದೆ, ಸುರಂಗಕ್ಕೆ ಇಟ್ಟಿಗೆಯ ಆಸರೆ ಅಷ್ಟಾಗಿ ಬೇಕಾಗುವುದಿಲ್ಲ.

ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಕಾರೇಜ್‌ಗಳು ಬೀದರಿನಲ್ಲಿವೆ. ನೌಬಾದಿನದಕ್ಕೆ ಇಪ್ಪತ್ತಕ್ಕೂ ಹೆಚ್ಚು ಬಾವಿಗಳಿದ್ದು, ಈಚಿನ ವರ್ಷಗಳಲ್ಲಿ ಅದರ ಹೂಳೆತ್ತುವ ಕೆಲಸ ನಡೆದಿದೆ. ಆದರೆ ಕಾರೇಜ್ ಕಾಯುವುದೆಂದರೆ ಬರೀ ಹೂಳೆತ್ತುವುದಲ್ಲ. ಪಕ್ಕದಲ್ಲಿ ಕೊಳವೆಬಾವಿ ಕೊರೆದು ಅಂತರ್ಜಲ ತಾಯಿಬಾವಿಯ ಮಟ್ಟಕ್ಕಿಂತ ಕೆಳಗಿಳಿದರೆ ಸುರಂಗ ಒಣಗುತ್ತದೆ. ದಿಬ್ಬದ ಮೇಲೆ ಕಾಂಕ್ರೀಟು, ಡಾಂಬರು ಹಾಸಿದರೆ ಮಳೆನೀರು ಇಂಗುವುದಿಲ್ಲ. ಬಾವಿಯ ಬಾಯಿಗೆ ಕಸ ಸುರಿದರೆ ಒಂದು ಕಡೆ ಕಟ್ಟಿದ್ದು ಅಲ್ಲಿಂದ ಮುಂದಿನ ಇಡೀ ಸಾಲನ್ನು ಕೊಲ್ಲುತ್ತದೆ. ಬೀದರಿನಲ್ಲಿ ಉಳಿದೆಲ್ಲ ಸ್ಮಾರಕಗಳಿಗಿಂತ ತುರ್ತಾಗಿ ಕಾಪಾಡಬೇಕಾದದ್ದು ಇದೇ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು, ಬತ್ತಿದ ನೀರಿನ ಸೆಲೆಯನ್ನು ಹಾಗೆ ಮರಳಿ ತರಲಾಗದು.

ಅರಮನೆಗಳು: ಗಾರೆ, ಬಣ್ಣದ ಹೆಂಚು, ಮುತ್ತಿನ ಚಿಪ್ಪು

ಜಂಬಿಟ್ಟಿಗೆಯಲ್ಲಿ ಕೆತ್ತನೆ ನಿಲ್ಲದು ಎಂದೆವಲ್ಲ. ಹಾಗಾಗಿ ಇಲ್ಲಿಯ ಚೆಲುವೆಲ್ಲ ಕಲ್ಲಿನ ಮೇಲೆ ಹೊದಿಸಿದ್ದು. ಒರಟು ಗೋಡೆಗೆ ದಪ್ಪನೆಯ ಸುಣ್ಣದ ಗಾರೆ, ಗಾರೆಯಲ್ಲೇ ಬಳ್ಳಿ-ಹೂಗಳ ಉಬ್ಬುಕೆಲಸ, ಅದರ ಮೇಲೆ ಮೆರುಗಿನ ಬಣ್ಣದ ಹೆಂಚು. ಎಲ್ಲಿ ಚೂಪಾದ ಅಂಚು ಬೇಕೋ ಅಲ್ಲಿ ಕರಿಕಲ್ಲಿನ ಪಟ್ಟಿ ಕೂರಿಸಿದ್ದಾರೆ.

ಸೋಲಹ್ ಖಂಬ ಮಸೀದಿ ಇವುಗಳಲ್ಲಿ ಹಳೆಯದು, 1423–24ರ ಶಾಸನವಿರುವಂಥದು. ಸುಮಾರು 90 ಮೀಟರ್ ಉದ್ದ, 24 ಮೀಟರ್ ಅಗಲದ ಈ ಸಭಾಂಗಣದಲ್ಲಿ ದಪ್ಪನೆಯ ದುಂಡು ಕಂಬಗಳ ಸಾಲು ಬಿಟ್ಟರೆ ಆಡಂಬರವಿಲ್ಲ. 1657ರ ಗೆಲುವಿನ ನಂತರ ಷಹಜಹಾನನ ಹೆಸರಿನಲ್ಲಿ ಖುತ್ಬಾ, ಅಂದರೆ ದೊರೆಯ ಹೆಸರು ಹೇಳುವ ಮಸೀದಿಯ ಪ್ರವಚನ, ಓದಿಸಿದ್ದು ಇಲ್ಲೇ.

ತಖ್ತ್ ಮಹಲ್ ಅಹ್ಮದ್ ಷಾನ ಸಿಂಹಾಸನದ ಅರಮನೆ. ಎತ್ತರದ ಕಮಾನುಗಳ ಮೂಲೆಯಲ್ಲಿ ಬೆನ್ನ ಮೇಲೆ ಉದಯಸೂರ್ಯನಿರುವ ಹುಲಿಯ ಚಿತ್ರ ಹುಡುಕಿ. ಹೆಂಚುಗಳು ಬಹುಪಾಲು ಉದುರಿವೆ. ಕಾರಣ ಗಾರೆಯಲ್ಲಿದೆ. ಛಾವಣಿ ಹೋದ ಮೇಲೆ ಮಳೆನೀರು ಗೋಡೆಯೊಳಗೆ ಇಳಿಯುತ್ತದೆ, ಒಣಗುವಾಗ ಲವಣಗಳನ್ನು ಹೊರಕ್ಕೆ ಎಳೆತರುತ್ತದೆ. ಮೆರುಗಿನ ಹೆಂಚು ತೇವವನ್ನು ಹೊರಬಿಡದ್ದರಿಂದ ಲವಣ ಹೆಂಚಿನ ಬೆನ್ನಿಗೆ ಕಟ್ಟಿ, ಹರಳಾಗಿ ಉಬ್ಬಿ, ಹೆಂಚನ್ನು ಹೊರಕ್ಕೆ ತಳ್ಳುತ್ತದೆ. ದುರಸ್ತಿಗೆ ಸಿಮೆಂಟು ಬಳಸಿದರೆ ತೇವ ಇನ್ನಷ್ಟು ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೆಯ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸಬೇಕೆನ್ನುವುದು ಇದಕ್ಕೆ.

ರಂಗೀನ್ ಮಹಲ್ ಚಿಕ್ಕದು, ಆದರೆ ಕೋಟೆಯ ಅತ್ಯಂತ ಸೂಕ್ಷ್ಮ ಕೆಲಸ ಇದರಲ್ಲಿದೆ. ಈಗಿನ ರೂಪ ಬರೀದ್ ಷಾಹಿ ದೊರೆ ಅಲಿ ಬರೀದನ (1542–1580) ಕಾಲದ್ದು. ಮುಂದಿನ ಹಜಾರದಲ್ಲಿ ಕೆತ್ತಿದ ಮರದ ಕಂಬ-ಬೋದಿಗೆಗಳು. ಒಳಬಾಗಿಲ ಸುತ್ತ ಹೊಳೆಯುವ ಕರಿಕಲ್ಲು, ಅದರಲ್ಲಿ ಗೀಚಿದ ಗೆರೆಗಳೊಳಗೆ ಮುತ್ತಿನ ಚಿಪ್ಪಿನ ಚೂರುಗಳು. ಪಕ್ಕದಿಂದ ಬೆಳಕು ಬೀಳುವಂತೆ ನಿಂತರೆ ಚಿಪ್ಪು ಗುಲಾಬಿ-ಹಸಿರು ಹೊಳೆಯುತ್ತದೆ. ಗಗನ್ ಮಹಲ್, ತರ್ಕಶ್ ಮಹಲ್, ನೆಲಮಾಳಿಗೆಯ ಹಜಾರ್ ಕೋಠರಿ ಕೂಡ ಇಲ್ಲಿವೆ.

ಕೋಟೆಯ ಮಣ್ಣಿನಲ್ಲಿ ಕಪ್ಪಾಗುವ ಲೋಹ

ಕರಿ ಹಿನ್ನೆಲೆಯಲ್ಲಿ ಬಿಳಿ ಹೊಳಪು ಎಂಬ ಇದೇ ರುಚಿ ಬಿದ್ರಿ ಎಂಬ ಲೋಹದ ಕುಸುರಿ ಕೆಲಸದಲ್ಲಿ ಇನ್ನೂ ಬದುಕಿದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹೆಚ್ಚಿನಂಶ ಸತು, ಸ್ವಲ್ಪ ತಾಮ್ರ ಸೇರಿಸಿ (ಸಾಮಾನ್ಯವಾಗಿ 16ಕ್ಕೆ 1) ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ನಯಗೊಳಿಸಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆಗ ಉಳಿಯಿಂದ ಕೊರೆದ ಗೆರೆ ಬೆಳ್ಳಗೆ ಕಾಣುತ್ತದೆ. ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿದು ಉಜ್ಜುತ್ತಾರೆ. ಈ ಹಂತದಲ್ಲಿ ಲೋಹವೂ ಬೆಳ್ಳಿಯೂ ಒಂದೇ ಬಣ್ಣ, ಚಿತ್ತಾರ ಕಾಣುವುದೇ ಇಲ್ಲ.

ಕೊನೆಗೆ ಪಾತ್ರೆಯನ್ನು ಮೆಲ್ಲಗೆ ಬಿಸಿ ಮಾಡಿ, ಕೋಟೆಯ ಹಳೆಯ ಕಟ್ಟಡಗಳ ಒಳಗಿನ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಿಂದ ಉಜ್ಜುತ್ತಾರೆ. ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ. ಶತಮಾನಗಳಿಂದ ಮಳೆ-ಬಿಸಿಲು ತಾಕದ ಜಾಗದ ಮಣ್ಣಿನಲ್ಲಿ ಮಾತ್ರ ನೈಟ್ರೇಟ್ ಲವಣಗಳು ತೊಳೆದುಹೋಗದೆ ಉಳಿದಿರುತ್ತವೆ. ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ.

ನೋಡಲು ಹೋಗುವವರಿಗೆ

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಓಡಾಡಲು ಹಿತ. ಬೇಸಿಗೆಯಲ್ಲಿ ಕೆಂಪು ಕಲ್ಲು ಕಾದು ಮಧ್ಯಾಹ್ನ ನಿಲ್ಲಲಾಗದು. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ, ನೀರು ಒಯ್ಯಿರಿ. ರಂಗೀನ್ ಮಹಲ್, ತಖ್ತ್ ಮಹಲ್ ಮುಂತಾದವಕ್ಕೆ ಹಲವು ಸಲ ಬೀಗ ಹಾಕಿರುತ್ತಾರೆ. ಹಳೆಯ ಹಮಾಮಿನಲ್ಲಿರುವ (ಸ್ನಾನಗೃಹದಲ್ಲಿರುವ) ವಸ್ತುಸಂಗ್ರಹಾಲಯದ ಬಳಿ ಇಲಾಖೆಯ ಸಿಬ್ಬಂದಿಯನ್ನು ಕೇಳಿ, ತೆರೆದು ತೋರಿಸುವರೇ ವಿಚಾರಿಸಿ. ಕೇಳದೆ ಹಿಂದಿರುಗಿದರೆ ಕೋಟೆಯ ಒಳ್ಳೆಯ ಭಾಗವೇ ತಪ್ಪಿಹೋಗುತ್ತದೆ.

ವಾಹನದಲ್ಲಿ ಒಳಗೆ ನುಗ್ಗದೆ ಶರ್ಜಾ ದರವಾಜಾದಿಂದ ನಡೆದುಹೋಗಿ, ಇಲ್ಲವಾದರೆ ತಿರುವುಗಳೂ ಕಂದಕವೂ ಅನುಭವಕ್ಕೆ ಬರುವುದಿಲ್ಲ. ಕಂದಕದ ಅಂಚಿನಲ್ಲಿ ಎಲ್ಲೆಡೆ ಕಟಾಂಜನವಿಲ್ಲ. ಮಳೆಗಾಲದಲ್ಲಿ ಹುಲ್ಲು ಬೆಳೆದು ಅಂಚೇ ಕಾಣುವುದಿಲ್ಲ, ಮಕ್ಕಳ ಕೈ ಬಿಡಬೇಡಿ. ಗೋಡೆಯ ಹೆಂಚು, ಚಿಪ್ಪನ್ನು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಎಣ್ಣೆ-ಬೆವರು ಮೆರುಗನ್ನು ಕೆಡಿಸುತ್ತದೆ.

ಬಿದ್ರಿ ಕೊಳ್ಳುವುದಾದರೆ ಪಟ್ಟಣದ ನಡುವಿನ ಚೌಬಾರಾ ಗೋಪುರದ ಸುತ್ತಿನ ಓಣಿಗಳಲ್ಲಿ ಕೆಲಸ ನಡೆಯುವ ಅಂಗಡಿಗಳಿವೆ. ಕೈಯಲ್ಲಿ ಹಿಡಿದು ತೂಕ ನೋಡಿ, ಒಳ್ಳೆಯ ಬಿದ್ರಿ ಗಾತ್ರಕ್ಕಿಂತ ಭಾರ. ಬೆಳ್ಳಿಯ ಗೆರೆಯ ಮೇಲೆ ಉಗುರು ಆಡಿಸಿ: ಕೂರಿಸಿದ ತಂತಿ ಮೇಲ್ಮೈಗೆ ಸಮನಾಗಿರುತ್ತದೆ, ಬಣ್ಣ ಬಳಿದದ್ದು ಉಬ್ಬಿರುತ್ತದೆ ಅಥವಾ ಕೆರೆದರೆ ಏಳುತ್ತದೆ. ಮನೆಯಲ್ಲಿ ಹುಣಸೆಹಣ್ಣು, ನಿಂಬೆ, ಪಾಲಿಶ್ ಪುಡಿ ತಾಕಿಸಬೇಡಿ. ಹುಳಿಗೆ ಕಪ್ಪು ಹೋಗುತ್ತದೆ. ಮಂಕಾದಾಗ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಮೆತ್ತನೆಯ ಬಟ್ಟೆಗೆ ಹಾಕಿ ಒರೆಸಿದರೆ ಸಾಕು.